ನೆಟ್‌ವರ್ಕ್ ಬಿದ್ದಾಗ ಕೈಗೆ ಸಿಗಬೇಕಾದ ಟರ್ಮಿನಲ್ ಸರ್ವರ್

2022ರ ಜುಲೈ 8ರ ಬೆಳಗಿನ ಜಾವ ಕೆನಡಾದ ರೋಜರ್ಸ್ ಕಂಪನಿಯ ಜಾಲ ದೇಶದ ಉದ್ದಗಲಕ್ಕೂ ಕುಸಿಯಿತು. ಒಂದು ಕೋಟಿಗೂ ಹೆಚ್ಚು ಗ್ರಾಹಕರ ಫೋನು, ಇಂಟರ್‌ನೆಟ್ಟು ನಿಂತುಹೋದವು. ಅನೇಕರಿಗೆ ತುರ್ತು ಸಂಖ್ಯೆ 911ಕ್ಕೂ ಕರೆ ಹೋಗಲಿಲ್ಲ. ಕೆಲವು ರೂಟರುಗಳಲ್ಲಿದ್ದ ಸೋಸುವ ನಿಯಮವೊಂದನ್ನು ತೆಗೆದದ್ದರಿಂದ ಲೆಕ್ಕಕ್ಕೆ ಮೀರಿದ ಮಾರ್ಗ ಮಾಹಿತಿ ಮುಖ್ಯ ರೂಟರುಗಳ ಮೇಲೆ ನುಗ್ಗಿ ಅವು ಕೆಲಸ ನಿಲ್ಲಿಸಿದ್ದವು. ತಪ್ಪು ಚಿಕ್ಕದು, ಆದರೆ ಅದು ಎಲ್ಲಿದೆ ಎಂದು ಗೊತ್ತಾಗುವುದಕ್ಕೇ ಸುಮಾರು 14 ಗಂಟೆ ಹಿಡಿಯಿತು. ಏಕೆಂದರೆ ರೂಟರುಗಳನ್ನು ನೋಡಿಕೊಳ್ಳಲು ಎಂಜಿನಿಯರುಗಳು ಬಳಸುತ್ತಿದ್ದ ದಾರಿಯೂ ಅದೇ ಜಾಲದ ಮೇಲೆ ನಿಂತಿತ್ತು. ಕೀಲಿಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಸಿಬ್ಬಂದಿ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಬೇರೆ ಕಂಪನಿಗಳ ಸಿಮ್ ಕಾರ್ಡ್ ಕಳಿಸಬೇಕಾಯಿತು.

ಇಂಥ ಹೊತ್ತಿಗೆ ಬೇಕಾಗುವ ಸಾಧನ ಟರ್ಮಿನಲ್ ಸರ್ವರ್. ಕನ್ಸೋಲ್ ಸರ್ವರ್ ಎಂಬ ಹೆಸರೂ ಇದೆ. ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕು, ಎಲ್ಲೇ ಇರಲಿ, ದೂರದ ಶಾಖೆಯೊಂದರಲ್ಲಿ ರೂಟರ್, ಸ್ವಿಚ್ಚುಗಳ ರ‍್ಯಾಕ್ ಇದ್ದರೆ ಇದರ ಬಗ್ಗೆ ಯೋಚಿಸಲೇಬೇಕು.

ಕೆಲಸದ ಬಗೆ ಸರಳ. ಬಹುತೇಕ ರೂಟರ್, ಸ್ವಿಚ್, ಫೈರ್‌ವಾಲ್‌ಗಳಿಗೆ ಕನ್ಸೋಲ್ ಪೋರ್ಟ್ ಇರುತ್ತದೆ. 1960ರಲ್ಲಿ ರೂಪುಗೊಂಡ ಆರ್‌ಎಸ್-232 ಎಂಬ ಸೀರಿಯಲ್ ಪದ್ಧತಿಯಲ್ಲಿ ಅದು ಮಾತಾಡುತ್ತದೆ. ಅದಕ್ಕೆ ಐಪಿ ವಿಳಾಸ ಬೇಡ, ಸಂರಚನೆ ಸರಿ ಇರಬೇಕೆಂದೂ ಇಲ್ಲ. ಸಾಧನಕ್ಕೆ ವಿದ್ಯುತ್ ಇದ್ದರೆ ಸಾಕು, ಅದು ಬೂಟ್ ಆಗುವಾಗಿನ ಮೊದಲ ಸಾಲಿನಿಂದಲೇ ತೆರೆಯ ಮೇಲೆ ಕಾಣುತ್ತದೆ. ಟರ್ಮಿನಲ್ ಸರ್ವರಿಗೆ ಒಂದು ಕಡೆ ಇಂಥ 8, 16, 32 ಅಥವಾ 48 ಸೀರಿಯಲ್ ಪೋರ್ಟುಗಳು, ಇನ್ನೊಂದು ಕಡೆ ಈಥರ್ನೆಟ್, ಜೊತೆಗೊಂದು ಮೋಡೆಮ್. ನೀವು ದೂರದಿಂದ ಅದರೊಳಗೆ ಲಾಗಿನ್ ಆಗಿ ಬೇಕಾದ ಪೋರ್ಟ್ ಆರಿಸಿಕೊಂಡರೆ ಆ ಸಾಧನದ ಎದುರಿಗೇ ಕುಳಿತಂತೆ. ವೇಗ ಹೆಚ್ಚು ಬೇಡ. 9600 ಬಾಡ್‌ನಲ್ಲಿ ಸೆಕೆಂಡಿಗೆ 960 ಅಕ್ಷರ ಬರುತ್ತವೆ. 80 ಅಕ್ಷರಗಳ 24 ಸಾಲಿನ ಪೂರ್ತಿ ತೆರೆ ತುಂಬಲು ಎರಡೇ ಸೆಕೆಂಡು.

ಈ ಪೆಟ್ಟಿಗೆ ಮೊದಲು ಹುಟ್ಟಿದ್ದು ಉಲ್ಟಾ ಕೆಲಸಕ್ಕೆ. 1980ರ ದಶಕದಲ್ಲಿ ಡಿಜಿಟಲ್ ಕಂಪನಿಯ ಡೆಕ್‌ಸರ್ವರ್‌ನಂಥವು ಹತ್ತಾರು ಟರ್ಮಿನಲ್‌ಗಳನ್ನು ಈಥರ್ನೆಟ್ ಮೂಲಕ ದೊಡ್ಡ ಕಂಪ್ಯೂಟರಿಗೆ ಸೇರಿಸುತ್ತಿದ್ದವು. 1990ರ ದಶಕದಲ್ಲಿ ಅವೇ ಪೋರ್ಟುಗಳಿಗೆ ಮೋಡೆಮ್‌ಗಳು ಬಂದು, ಫೋನ್ ಮೂಲಕ ಇಂಟರ್‌ನೆಟ್ ಕೊಡುವವರ ಆಧಾರಸ್ತಂಭವಾದವು. ಇಂದು ವೈಫೈ ಲಾಗಿನ್‌ನಲ್ಲೂ ಬಳಕೆಯಾಗುವ ರೇಡಿಯಸ್ ಎಂಬ ದೃಢೀಕರಣ ಪದ್ಧತಿ, ಪೋರ್ಟ್‌ಮಾಸ್ಟರ್ ಎಂಬ ಟರ್ಮಿನಲ್ ಸರ್ವರ್ ತಯಾರಿಸುತ್ತಿದ್ದ ಲಿವಿಂಗ್‌ಸ್ಟನ್ ಕಂಪನಿಯಲ್ಲಿ ರೂಪುಗೊಂಡದ್ದು.

ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಪೋರ್ಟ್ ಎಂದು. ಈಗಿರುವ ಸಾಧನಗಳನ್ನು ಎಣಿಸಿ ಕಾಲುಭಾಗ ಹೆಚ್ಚಿಗೆ ಹಿಡಿದರೆ ಆ ಪ್ರಶ್ನೆ ಮುಗಿಯಿತು. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ: ಮುಖ್ಯ ಜಾಲ ಪೂರ್ತಿ ಸತ್ತಾಗ ಈ ಪೆಟ್ಟಿಗೆಯನ್ನು ಯಾವ ದಾರಿಯಲ್ಲಿ ಮುಟ್ಟುತ್ತೇವೆ?

ಸ್ಥಿರ ದೂರವಾಣಿಗೆ ಜೋಡಿಸಿದ ಮೋಡೆಮ್ ಹಿಂದೆ ನಂಬಿಕಸ್ತ ದಾರಿಯಾಗಿತ್ತು. ತಾಮ್ರದ ತಂತಿಯ ನಿಜವಾದ ಫೋನ್ ಇರುವಲ್ಲಿ ಈಗಲೂ ಹೌದು. ಫೈಬರ್ ಸಂಪರ್ಕದ ಜೊತೆ ಬರುವ ಫೋನನ್ನು ಮಾತ್ರ ಇದಕ್ಕೆ ನೆಚ್ಚಬೇಡಿ. ಅಲ್ಲಿ ಧ್ವನಿ ಇಂಟರ್‌ನೆಟ್ ಪೊಟ್ಟಣಗಳಾಗಿ ಹೋಗುವುದರಿಂದ ಮೋಡೆಮ್‌ನ ಸ್ವರಗಳು ಕೆಡುತ್ತವೆ. ಅದಕ್ಕಿಂತ ಮುಖ್ಯವಾಗಿ, ರಸ್ತೆ ಅಗೆಯುವ ಜೆಸಿಬಿ ಆ ಫೈಬರನ್ನು ಕತ್ತರಿಸಿದರೆ ಮುಖ್ಯ ದಾರಿ, ಬದಲಿ ದಾರಿ ಎರಡೂ ಒಟ್ಟಿಗೇ ಹೋಗುತ್ತವೆ.

ತಂತಿಯ ಮೋಡೆಮ್ ಬಳಸುವವರು ಎರಡು ಸಂಕೇತಗಳನ್ನು ಕಣ್ಣಿಟ್ಟು ನೋಡಬೇಕು. ಕರೆ ತುಂಡಾದಾಗ ಮೋಡೆಮ್ ತನ್ನ ಡಿಸಿಡಿ ಪಿನ್ ಇಳಿಸಬೇಕು. ಅದನ್ನು ಕಂಡ ಸರ್ವರ್ ಕೂಡಲೇ ಲಾಗೌಟ್ ಮಾಡಬೇಕು. ಹಾಗೆಯೇ ಕೆಲಸ ಮುಗಿದಾಗ ಸರ್ವರ್ ಡಿಟಿಆರ್ ಪಿನ್ ಇಳಿಸಿದರೆ ಮೋಡೆಮ್ ಫೋನ್ ಇಡಬೇಕು. ಹಲವು ಮೋಡೆಮ್‌ಗಳಲ್ಲಿ ಡಿಸಿಡಿ ಸದಾ ಮೇಲೇ ಇರುವಂತೆ ಹೊಂದಿಸಿಬಿಡಲು ಸಾಧ್ಯ. ಹಾಗಾದರೆ ಒಬ್ಬ ಅಡ್ಮಿನ್ ಲಾಗಿನ್ ಆಗಿದ್ದಾಗ ಲೈನ್ ಕಡಿದುಹೋಗಿ, ಮುಂದೆ ಅದೇ ಸಂಖ್ಯೆಗೆ ಕರೆ ಮಾಡಿದ ಯಾರೋ ಅಪರಿಚಿತ ಪಾಸ್‌ವರ್ಡ್ ಇಲ್ಲದೇ ಅದೇ ಲಾಗಿನ್ ಒಳಗೆ ಇಳಿಯುತ್ತಾನೆ. ಈ ಎರಡು ತಂತಿಗಳನ್ನು ಪರಿಶೀಲಿಸದೆ ಮೋಡೆಮ್ ಚಾಲೂ ಮಾಡಲೇಬಾರದು.

ಈಗ ಹೆಚ್ಚಿನವರು ಕೊಳ್ಳುವುದು 4ಜಿ ಮೋಡೆಮ್ ಒಳಗೇ ಇರುವ ಮಾದರಿ. ಒಳ್ಳೆಯದೇ. ಆದರೆ ಸಾಮಾನ್ಯ ಸಿಮ್‌ಗೆ ಸಿಗುವುದು ಸಾವಿರಾರು ಜನ ಹಂಚಿಕೊಂಡ ವಿಳಾಸ. ಹೊರಗಿನಿಂದ ನೀವು ಅದನ್ನು ಹುಡುಕಿಕೊಂಡು ಹೋಗಲಾರಿರಿ. ಹಾಗಾಗಿ ಪೆಟ್ಟಿಗೆಯೇ ಒಳಗಿನಿಂದ ನಿಮ್ಮ ಕಚೇರಿಗೆ ವಿಪಿಎನ್ ಸುರಂಗ ಕಟ್ಟಿಕೊಳ್ಳುವಂತಿರಬೇಕು, ಇಲ್ಲವೇ ಕಂಪನಿಯಿಂದ ಸ್ಥಿರ ವಿಳಾಸದ ಸಿಮ್ ಪಡೆಯಬೇಕು. ಮುಖ್ಯ ಸಂಪರ್ಕ ಯಾವ ಕಂಪನಿಯದೋ ಸಿಮ್ ಅದರದ್ದಾಗಿರಬಾರದು. ಪ್ರಿಪೇಯ್ಡ್ ಬೇಡ, ಬಳಸದ ಸಿಮ್‌ನ ರೀಚಾರ್ಜ್ ಯಾರಿಗೂ ನೆನಪಿರುವುದಿಲ್ಲ. ರ‍್ಯಾಕ್ ನೆಲಮಾಳಿಗೆಯಲ್ಲಿದ್ದರೆ ಆ್ಯಂಟೆನಾವನ್ನು ಹೊರಗೆಳೆಯುವಷ್ಟು ಕೇಬಲ್‌ಗೂ ಹಣ ಎತ್ತಿಡಿ.

ಕೇಬಲ್ ವಿಷಯ ಸಣ್ಣದೆಂದು ಕಂಡರೂ ದಿನಗಟ್ಟಲೆ ತಿನ್ನುತ್ತದೆ. ಕನ್ಸೋಲ್‌ಗೆ ಬಳಸುವ ಆರ್‌ಜೆ-45 ಕನೆಕ್ಟರ್ ನೋಡಲು ಒಂದೇ, ಒಳಗಿನ ಪಿನ್ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಸಿಸ್ಕೋ ಕ್ರಮಕ್ಕೆ ಹೊಂದುತ್ತದೆಯೇ, ಪಿನ್ ಕ್ರಮವನ್ನು ಸಾಫ್ಟ್‌ವೇರಿನಲ್ಲೇ ಬದಲಿಸಬಹುದೇ ಎಂದು ಮಾರುವವರನ್ನು ಬಿಡದೆ ಕೇಳಿ. ಹೊಸ ಸಾಧನಗಳಲ್ಲಿ ಯುಎಸ್‌ಬಿ ಕನ್ಸೋಲ್ ಮಾತ್ರ ಇರಬಹುದು. ಅದಕ್ಕೂ ಒಂದೆರಡು ಪೋರ್ಟ್ ಬೇಕು.

ಸನ್ ಕಂಪನಿಯ ಹಳೆಯ ಸರ್ವರುಗಳನ್ನು ನಡೆಸಿದವರಿಗೆ ಇನ್ನೊಂದು ಕಾಟ ಚೆನ್ನಾಗಿ ಗೊತ್ತು. ಕೆಲವು ಟರ್ಮಿನಲ್ ಸರ್ವರುಗಳು ಆಫ್ ಆಗಿ ಆನ್ ಆಗುವಾಗ ಸೀರಿಯಲ್ ತಂತಿಯ ಮೇಲೆ ಬ್ರೇಕ್ ಎಂಬ ಸಂಕೇತ ಹೊಮ್ಮಿಸುತ್ತಿದ್ದವು. ಸನ್ ಯಂತ್ರಗಳಿಗೆ ಬ್ರೇಕ್ ಎಂದರೆ ನಿಲ್ಲು ಎಂಬ ಆಜ್ಞೆ. ಟರ್ಮಿನಲ್ ಸರ್ವರಿಗೆ ಕರೆಂಟು ಹೋಗಿ ಬಂದರೆ ಅದಕ್ಕೆ ಜೋಡಿಸಿದ ಸರ್ವರುಗಳೆಲ್ಲ ಒಟ್ಟಿಗೆ ನಿಂತುಬಿಡುತ್ತಿದ್ದವು. ಈಗಿನ ಮಾದರಿಗಳಲ್ಲಿ ಇದು ಅಪರೂಪ. ಆದರೂ ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆ ಕೊಳ್ಳುವವರು ಪರೀಕ್ಷಿಸಿಯೇ ಜೋಡಿಸಬೇಕು. ಟೆಲ್ನೆಟ್ ಮಾತ್ರ ಗೊತ್ತಿರುವ ಪೆಟ್ಟಿಗೆಯಂತೂ ಬೇಡವೇ ಬೇಡ, ಎಸ್‌ಎಸ್‌ಎಚ್ ಇರಲೇಬೇಕು.

ಲಾಗಿನ್ ವ್ಯವಸ್ಥೆಯಲ್ಲೂ ಅದೇ ಎಚ್ಚರ. ದಿನನಿತ್ಯದ ಬಳಕೆಗೆ ರೇಡಿಯಸ್ ಅಥವಾ ಟ್ಯಾಕ್ಯಾಕ್ಸ್ ಇರಲಿ. ಆದರೆ ಜಾಲ ಬಿದ್ದಾಗ ಆ ದೃಢೀಕರಣ ಸರ್ವರೂ ಸಿಗುವುದಿಲ್ಲ. ಅದು ಉತ್ತರಿಸದಿದ್ದರೆ ಪೆಟ್ಟಿಗೆಯೊಳಗೇ ಇರುವ ಸ್ಥಳೀಯ ಖಾತೆ ಕೆಲಸಕ್ಕೆ ಬರಬೇಕು. ಅದರ ಪಾಸ್‌ವರ್ಡ್ ಬರೆದ ಲಕೋಟೆ ಬೀರುವಿನಲ್ಲಿರಬೇಕು. ಪ್ರತಿ ಪೋರ್ಟಿನಲ್ಲಿ ಹರಿದುಹೋದ ಸಾಲುಗಳನ್ನು ಕಾದಿಡುವ ಸೌಲಭ್ಯವನ್ನೂ ಕೇಳಿ ಪಡೆಯಿರಿ. ಕುಸಿದ ರೂಟರ್ ಕೊನೆಯದಾಗಿ ಏನೆಂದು ಮುದ್ರಿಸಿತು ಎಂಬುದು ಎಷ್ಟೋ ಸಲ ಅಲ್ಲಿ ಮಾತ್ರ ಉಳಿದಿರುತ್ತದೆ.

ಹಣ ಕೊಡುವ ಮುನ್ನ ಮಾದರಿಯೊಂದನ್ನು ಕೆಲವು ದಿನಕ್ಕೆ ತರಿಸಿ ರ‍್ಯಾಕ್‌ನಲ್ಲಿ ಕೂರಿಸಿ. ಒಂದು ಭಾನುವಾರ ಶಾಖೆಯ ಮುಖ್ಯ ಸಂಪರ್ಕವನ್ನು ಕಿತ್ತುಬಿಡಿ. ಎಂಜಿನಿಯರ್ ತನ್ನ ಮನೆಯಲ್ಲಿ, ಬೇರೆ ಕಂಪನಿಯ ಮೊಬೈಲ್ ಡೇಟಾ ಮೇಲೆ ಕುಳಿತು ಒಂದು ರೂಟರಿನ ಕನ್ಸೋಲ್ ತಲುಪಿ ಅದನ್ನು ರೀಬೂಟ್ ಮಾಡಿ ತೋರಿಸಲಿ. ಆಮೇಲೆ ಪೆಟ್ಟಿಗೆಯ ವಿದ್ಯುತ್ತನ್ನೂ ತೆಗೆದು ಹಾಕಿ, ಯಾರೂ ಮುಟ್ಟದೆ ಅದು ತಾನಾಗಿ ಮತ್ತೆ ಸಂಪರ್ಕಕ್ಕೆ ಬರುತ್ತದೆಯೇ ನೋಡಿ. ಎರಡರಲ್ಲೂ ಪಾಸಾದ ಮಾದರಿಗೆ ಆರ್ಡರ್ ಕೊಡಿ.