ಮಗುವಿಗೆ ನಮ್ಮ ಹಾಗೆ ಕಾಣುವುದಿಲ್ಲ

"ಎಷ್ಟ್ ಸಲ ಕರೀಬೇಕು, ಕಿವಿ ಕೇಳಂಗಿಲ್ಲೇನು?" "ಎದುರಿಗೇ ಐತಿ, ಕಾಣಂಗಿಲ್ಲೇನು?" "ಗಾಡಿ ನೋಡ್ಕೊಂಡು ರಸ್ತೆ ದಾಟು." ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಯಾವ ಮನೆಗೆ ಹೋದರೂ ಈ ಮೂರು ಮಾತು ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತವೆ. ಮೂರರ ಹಿಂದೆಯೂ ಒಂದೇ ನಂಬಿಕೆ ಇದೆ. ನಮಗೆ ಕಂಡದ್ದು ಮಗುವಿಗೂ ಕಾಣುತ್ತದೆ, ನಮಗೆ ಕೇಳಿದ್ದು ಮಗುವಿಗೂ ಕೇಳುತ್ತದೆ ಎಂದು ನಾವು ತಿಳಿದಿದ್ದೇವೆ. ಆದರೆ ಮಕ್ಕಳ ಮತ್ತು ದೊಡ್ಡವರ ಗ್ರಹಿಕೆಯ ಬಗ್ಗೆ ಮನೋವಿಜ್ಞಾನಿಗಳು ನಡೆಸಿದ ಸಂಶೋಧನೆ ಬೇರೆಯದನ್ನೇ ಹೇಳುತ್ತದೆ. ಈ ವ್ಯತ್ಯಾಸ ತಿಳಿಯದಿದ್ದರೆ ಮಗುವಿನ ಒಂದು ಕಣ್ಣು, ಓದು, ಕೆಲವೊಮ್ಮೆ ಪ್ರಾಣವೇ ಅಪಾಯಕ್ಕೆ ಸಿಲುಕಬಹುದು.

ಕಣ್ಣು ತೆರೆದರೆ ಸಾಲದು

ನೋಡುವುದು ಕಣ್ಣಿನ ಕೆಲಸ ಮಾತ್ರವಲ್ಲ ಎಂಬ ಮಾತು ಹೊಸದಲ್ಲ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಸಾವಿರ ವರ್ಷಗಳ ಹಿಂದೆ 'ಕಿತಾಬುಲ್ ಮನಾಝಿರ್' ಎಂಬ ಏಳು ಭಾಗಗಳ ಗ್ರಂಥ ಬರೆದರು. ಕಣ್ಣಿಗೆ ಬೀಳುವುದು ಬೆಳಕು ಮತ್ತು ಬಣ್ಣ. ಅದು ಏನು, ಎಷ್ಟು ದೊಡ್ಡದು, ಎಷ್ಟು ದೂರದಲ್ಲಿದೆ ಎಂಬುದನ್ನು ಹಳೆಯ ಅನುಭವದೊಂದಿಗೆ ಹೋಲಿಸಿ ಮನಸ್ಸು ತೀರ್ಮಾನಿಸುತ್ತದೆ ಎಂದು ಅವರು ವಿವರಿಸಿದರು. ಅವರು ಕೊಟ್ಟ ಉದಾಹರಣೆಯೂ ಒಂದು ಮಗುವಿನದೇ. ಮಗುವಿನ ಮುಂದೆ ಎರಡು ಸೇಬು ಹಿಡಿದರೆ ಅದು ಚೆಂದದ್ದನ್ನೇ ಆರಿಸಿಕೊಳ್ಳುತ್ತದೆ. ಹೋಲಿಸಿ ನೋಡಿದೆ ಎಂಬ ಅರಿವು ಅದಕ್ಕಿಲ್ಲ, ಆದರೂ ಅದು ಹೋಲಿಸಿದೆ. ನಮ್ಮ ಯುನಾನಿ ಪರಂಪರೆಯ ಇಬ್ನ್ ಸೀನಾ ಕೂಡ ಹೊರಗಿನ ಐದು ಇಂದ್ರಿಯಗಳು ತಂದುಕೊಟ್ಟದ್ದನ್ನು ಒಟ್ಟುಗೂಡಿಸುವ ಒಳ ಇಂದ್ರಿಯ ಮೆದುಳಿನಲ್ಲಿದೆ ಎಂದರು. ಅದನ್ನು 'ಹಿಸ್ಸೆ ಮುಷ್ತರಕ್' ಎನ್ನುತ್ತೇವೆ.

ಇದು ನಿಜವೆಂದು ತೋರಿಸಿದ ಪ್ರಯೋಗವೊಂದು ನಮ್ಮ ದೇಶದಲ್ಲೇ ನಡೆದಿದೆ. ಹುಟ್ಟಿನಿಂದ ದೃಷ್ಟಿಯಿಲ್ಲದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವ 'ಪ್ರಾಜೆಕ್ಟ್ ಪ್ರಕಾಶ್' ಕೆಲಸದಲ್ಲಿ ತೊಡಗಿದ ಪವನ್ ಸಿನ್ಹಾ ಮತ್ತು ಜೊತೆಗಾರರು 2011ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. 8ರಿಂದ 17 ವರ್ಷದೊಳಗಿನ ಐದು ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ನಂತರ ಕಣ್ಣು ಕಂಡಿತ್ತು. ಆದರೆ ಕೈಯಿಂದ ಮುಟ್ಟಿ ತಿಳಿದ ಆಕಾರವನ್ನು ಕಣ್ಣಿನಿಂದ ನೋಡಿ ಗುರುತಿಸಲು ಮೊದಲಿಗೆ ಅವರಿಗೆ ಆಗಲಿಲ್ಲ. ಕೆಲವು ದಿನಗಳಲ್ಲಿ ಅದನ್ನು ಕಲಿತರು. ಕಣ್ಣು ತೆರೆಯುವುದು ಬೇರೆ, ನೋಡಲು ಕಲಿಯುವುದು ಬೇರೆ.

ಒಂದೇ ಕಣ್ಣಿನಲ್ಲಿ ನೋಡುವ ಮಗು

ಆಗ ತಾನೇ ಹುಟ್ಟಿದ ಕೂಸಿಗೆ 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಒಂದಿಷ್ಟು ಚೆನ್ನಾಗಿ ಕಾಣುತ್ತದೆ. ಹಾಲು ಕುಡಿಯುವಾಗ ತಾಯಿಯ ಮುಖ ಇರುವುದೂ ಅಷ್ಟೇ ದೂರದಲ್ಲಿ. ಅಲ್ಲಿಂದ ಮುಂದೆ ನೋಟ ವರ್ಷಗಟ್ಟಲೆ ಬೆಳೆಯುತ್ತದೆ. ಎರಡೂ ಕಣ್ಣಿನಿಂದ ಸ್ಪಷ್ಟ ಚಿತ್ರ ಮೆದುಳಿಗೆ ತಲುಪಿದರೆ ಮಾತ್ರ ಅದು ಸರಿಯಾಗಿ ಬೆಳೆಯುತ್ತದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್‌ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟು ನೋಡಿದರು. ಆಮೇಲೆ ತೆರೆದಾಗ ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಮೆದುಳು ಅದನ್ನು ಬಳಸುವುದನ್ನು ಬಿಟ್ಟುಬಿಟ್ಟಿತ್ತು. ದೃಷ್ಟಿಯ ಕುರಿತ ಸಂಶೋಧನೆಗಾಗಿ ಇವರಿಗೆ 1981ರ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು.

ನಮ್ಮ ಮಕ್ಕಳಲ್ಲೂ ಹೀಗಾಗುತ್ತದೆ. ಒಂದು ಕಣ್ಣಿನ ನಂಬರ್ ಹೆಚ್ಚಿದ್ದರೆ, ಮೆಳ್ಳಗಣ್ಣಿದ್ದರೆ, ಇಲ್ಲವೇ ಹುಟ್ಟು ಪೊರೆಯಿದ್ದರೆ ಮೆದುಳು ಆ ಕಣ್ಣನ್ನು ಕಡೆಗಣಿಸುತ್ತದೆ. ಇದನ್ನು 'ಸೋಮಾರಿ ಕಣ್ಣು' ಎನ್ನುತ್ತಾರೆ. ಮಗು ದೂರು ಹೇಳುವುದಿಲ್ಲ. ಎರಡು ಕಣ್ಣಿನ ನೋಟ ಹೇಗಿರುತ್ತದೆ ಎಂದು ಅದು ಎಂದೂ ಕಂಡಿಲ್ಲ, ಹೋಲಿಸಲು ಅದರ ಬಳಿ ಬೇರೇನೂ ಇಲ್ಲ. ಹೆತ್ತವರಿಗೂ ತಿಳಿಯುವುದಿಲ್ಲ, ಏಕೆಂದರೆ ಒಳ್ಳೆಯ ಕಣ್ಣಿನಿಂದ ಮಗು ಆಡುತ್ತದೆ, ಓದುತ್ತದೆ. ಏಳು ವರ್ಷದೊಳಗೆ ಸಿಕ್ಕಿದರೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಿ ಸರಿಪಡಿಸುವುದು ಸುಲಭ. ತಡವಾದಷ್ಟೂ ಫಲ ಕಡಿಮೆ.

ಮನೆಯಲ್ಲೇ ಹೀಗೆ ನೋಡಿ: ಆಟವಾಡುತ್ತಾ ಮಗುವಿನ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದನ್ನು. ಒಂದನ್ನು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಅಳುವುದು, ಕೈ ತಳ್ಳುವುದು ಕಂಡರೆ ಕಣ್ಣಿನ ವೈದ್ಯರಿಗೆ ತೋರಿಸಿ. ತೊಂದರೆ ಕಾಣದಿದ್ದರೂ ಶಾಲೆಗೆ ಸೇರಿಸುವ ಮೊದಲು ಒಮ್ಮೆ ಪರೀಕ್ಷೆ ಮಾಡಿಸಿ. ಮೆಳ್ಳಗಣ್ಣು 'ಅದೃಷ್ಟ' ಎನ್ನುತ್ತಾ ಕೂರಬೇಡಿ.

ದಡ್ಡನೋ, ಕಿವಿ ಮಂದವೋ?

ಗದ್ದಲದ ನಡುವೆ ಒಂದು ದನಿಯನ್ನು ಬೇರ್ಪಡಿಸಿ ಕೇಳುವ ಶಕ್ತಿ ದೊಡ್ಡವರಷ್ಟು ಬಲಿಯಲು ಮಕ್ಕಳಿಗೆ ಹದಿಹರೆಯದವರೆಗೂ ಕಾಲ ಹಿಡಿಯುತ್ತದೆ. ಮದ್ರಸಾದಲ್ಲಿ ಇಪ್ಪತ್ತು ಮಕ್ಕಳು ಒಟ್ಟಿಗೆ ಜೋರಾಗಿ ಓದುವಾಗ ಉಸ್ತಾದರ ಉಚ್ಚಾರ ಹಿಡಿಯುವುದು ಆರೋಗ್ಯವಂತ ಮಗುವಿಗೇ ಕಷ್ಟ. ನೆಗಡಿಯ ನಂತರ ಕಿವಿಯೊಳಗೆ ನೀರು ನಿಂತ ಮಗುವಿಗೆ ಇನ್ನೂ ಕಷ್ಟ. 'ಸೀನ್', 'ಶೀನ್' ಅಕ್ಷರಗಳನ್ನು ಪದೇಪದೇ ತಪ್ಪಿಸುವ, ಕರೆದಾಗ ಒಮ್ಮೆ ಓಗೊಟ್ಟು ಒಮ್ಮೆ ಓಗೊಡದ ಮಗುವನ್ನು ದಡ್ಡ, ಹಟಮಾರಿ ಎನ್ನುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅಂಥ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ನೋಡಿ ಮಾತಾಡುವಂತೆ ಉಸ್ತಾದರಲ್ಲಿ ಕೇಳಿಕೊಳ್ಳಿ. ಸೋರುವ ಕಿವಿಗೆ ಕಾಯಿಸಿದ ಎಣ್ಣೆ ಹಾಕಬೇಡಿ, ಕಡ್ಡಿ ತೂರಿಸಬೇಡಿ.

"ನೋಡ್ಕೊಂಡು ದಾಟು" ಎಂದರೆ ಸಾಲದು

ಶಿಗ್ಗಾಂವಿ, ಬಂಕಾಪುರದ ಬಳಿ 48ನೇ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ವಾಹನ ಹತ್ತಿರವಾದಂತೆ ಅದರ ಆಕಾರ ಹಿಗ್ಗುತ್ತದೆ. ಹಿಗ್ಗುವ ವೇಗ ನೋಡಿ ನಾವು ಅದರ ವೇಗ ಅಂದಾಜು ಮಾಡುತ್ತೇವೆ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದಂತೆ, ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಈ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ಬರುವ ವಾಹನ ತಮ್ಮತ್ತ ಬರುತ್ತಿದೆ ಎಂಬುದೇ ಅವರಿಗೆ ಗೊತ್ತಾಗದಿರಬಹುದು. ನಮ್ಮ ಹೆದ್ದಾರಿಯ ಲಾರಿಗಳು ಅದರ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಓಡುತ್ತವೆ. ಮಗು ನಿಂತು, ಎರಡೂ ಕಡೆ ನೋಡಿ, ನೀವು ಹೇಳಿದಂತೆಯೇ ಮಾಡಿದರೂ ಲಾರಿ ನಿಂತಂತೆ ಕಾಣಬಹುದು. ಇದು ಅಜಾಗರೂಕತೆಯಲ್ಲ, ವಯಸ್ಸಿನ ಮಿತಿ. ಆದ್ದರಿಂದ ದೊಡ್ಡ ರಸ್ತೆಯಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳನ್ನು ಕೈ ಹಿಡಿದೇ ದಾಟಿಸಬೇಕು. ಮಗ್ರಿಬ್ ಹೊತ್ತಿನ ಮಬ್ಬಿನಲ್ಲಂತೂ ತಪ್ಪಿಸಲೇಬಾರದು. ಮೊಹಲ್ಲಾದ ಯುವಕರು ಸರದಿಯಂತೆ ಮಕ್ಕಳನ್ನು ದಾಟಿಸುವ ವ್ಯವಸ್ಥೆಯನ್ನು ಮಸೀದಿ ಸಮಿತಿಯವರು ಮಾಡಬಹುದು.

ಸುರ್ಮಾದ ಬಗ್ಗೆ ಒಂದು ಮಾತು

ಸುರ್ಮಾ ಹಚ್ಚುವುದು ನಮ್ಮಲ್ಲಿ ಗೌರವದಿಂದ ಬಂದ ರೂಢಿ. ಆದರೆ ಮಾರುಕಟ್ಟೆಯ ಹಲವು ಸುರ್ಮಾಗಳು ಸೀಸದ ಅದಿರಿನ ಪುಡಿ. ಕಣ್ಣುಜ್ಜಿದ ಮಗು ಅದೇ ಬೆರಳನ್ನು ಬಾಯಿಗೆ ಹಾಕುತ್ತದೆ. ಹೀಗೆ ದೇಹ ಸೇರಿದ ಸೀಸ ಬೆಳೆಯುವ ಮೆದುಳಿಗೆ ಹಾನಿ ಮಾಡುತ್ತದೆ, ಕಲಿಯುವ ಶಕ್ತಿಯನ್ನು ಕುಂದಿಸುತ್ತದೆ. ಯುನಾನಿ ವೈದ್ಯನಾಗಿ ಹೇಳುತ್ತೇನೆ: ಚಿಕ್ಕ ಮಕ್ಕಳ ಕಣ್ಣಿಗೆ ಸುರ್ಮಾ, ಕಾಜಲ್ ಬೇಡ. ಕಣ್ಣಿನ ಸುತ್ತ ಶುದ್ಧ ನೀರಿನಿಂದ ಒರೆಸಿದರೆ ಸಾಕು.

ಎಲ್ಲಿಗೆ ಹೋಗಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಬಂದು ಕಣ್ಣು, ಕಿವಿ ಸೇರಿದಂತೆ ಮಕ್ಕಳ ತಪಾಸಣೆ ಮಾಡಬೇಕು. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಖಾಸಗಿ ಶಾಲೆಗೆ ಹೋಗುವ, ಇಲ್ಲವೇ ಮದ್ರಸಾದಲ್ಲಿ ಮಾತ್ರ ಓದುವ ಮಕ್ಕಳು ಈ ತಪಾಸಣೆಯಿಂದ ತಪ್ಪಿಹೋಗುತ್ತಾರೆ. ಅವರನ್ನು ತಾಲೂಕು ಆಸ್ಪತ್ರೆಗೋ ಹಾವೇರಿಯ ಜಿಲ್ಲಾಸ್ಪತ್ರೆಗೋ ಕರೆದೊಯ್ಯುವ ಜವಾಬ್ದಾರಿ ಹೆತ್ತವರದೇ.

ಕಣ್ಣು, ಕಿವಿ, ಹೃದಯಗಳ ಬಗ್ಗೆ ವಿಚಾರಣೆಯಿದೆ ಎಂದು ಕುರ್‌ಆನ್ ನಮ್ಮನ್ನು ಎಚ್ಚರಿಸುತ್ತದೆ. ತನ್ನ ತೊಂದರೆ ಹೇಳಲು ಬಾರದ ಮಗುವಿನ ಕಣ್ಣು, ಕಿವಿ ನಮ್ಮ ಕೈಯಲ್ಲಿರುವ ಅಮಾನತ್. ಮುಂದಿನ ಸಲ "ಕಾಣಂಗಿಲ್ಲೇನು?" ಎಂದು ಗದರುವ ಮೊದಲು ಮಗುವಿನ ಕಣ್ಣನ್ನೊಮ್ಮೆ ಪರೀಕ್ಷಿಸಿ. ಅದಕ್ಕೆ ನಿಜವಾಗಿಯೂ ಕಾಣುತ್ತಿಲ್ಲದಿರಬಹುದು.