ಉಗ್ಗುವ ಮಗು ಮತ್ತು ಎರಡು ಭಾಷೆಯ ಮನೆ



ನಮ್ಮ ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಒಂದು ಮನೆಯನ್ನು ಎಣಿಸಿಕೊಳ್ಳಿ. ಮಗುವಿಗೆ ಅಜ್ಜಿಯೊಡನೆ ತುಳು, ಅಮ್ಮನೊಡನೆ ಕನ್ನಡ, ಅಂಗಡಿಯಲ್ಲಿ ಮಲಯಾಳ. ಮೂರೂವರೆ ತುಂಬಿತೋ ಇಲ್ಲವೋ, ಇಂಗ್ಲಿಷಿನ ಎಲ್‌ಕೆಜಿ. ಹೀಗಿರುವಾಗ ಒಂದು ದಿನ ಆ ಮಗು "ಅ-ಅ-ಅಮ್ಮ, ನಂ-ನಂ-ನಂಗೆ" ಎಂದು ತಡವರಿಸಲು ತೊಡಗುತ್ತದೆ. ಕೂಡಲೇ ನೆರೆಕರೆಯವರ ತೀರ್ಪು ಬರುತ್ತದೆ: "ಇಷ್ಟೆಲ್ಲ ಭಾಷೆ ತುರುಕಿದರೆ ಮಗು ಉಗ್ಗದೆ ಇದ್ದೀತೇ? ಮನೆಯಲ್ಲಿ ಕನ್ನಡ ಬಿಡಿ, ಶಾಲೆಯ ಭಾಷೆಯೊಂದೇ ಸಾಕು." ಕೆಲವು ಕಡೆ ಶಾಲೆಯವರೇ ಹೀಗೆ ಹೇಳುವುದೂ ಉಂಟು. ಬಿಡುವ ಸರದಿ ಯಾವಾಗಲೂ ಮನೆಮಾತಿಗೇ ಬರುತ್ತದೆ ಎಂಬುದನ್ನು ಗಮನಿಸಿ. ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ಇವತ್ತು ನೋಡುವ.

ಕನ್ನಡದಲ್ಲಿ ತೊದಲು ಬೇರೆ, ಉಗ್ಗು ಬೇರೆ. ಎಳೆಯ ಮಗು 'ರ' ಬರದೆ 'ಲ' ಎಂದರೆ ಅದು ತೊದಲು. ಹೇಳಬೇಕಾದ ಮಾತು ಗೊತ್ತಿದ್ದೂ ಬಾಯಲ್ಲಿ ಸಿಕ್ಕಿಕೊಂಡರೆ ಅದು ಉಗ್ಗು. ಮಲಯಾಳದವರು ವಿಕ್ಕ್ ಅನ್ನುತ್ತಾರೆ. ಇದು ಹೆಚ್ಚಾಗಿ ಎರಡರಿಂದ ಐದು ವರ್ಷದ ನಡುವೆ ಕಾಣಿಸಿಕೊಳ್ಳುತ್ತದೆ. ನೂರರಲ್ಲಿ ಐದಾರು ಮಕ್ಕಳು ಎಂದಾದರೊಮ್ಮೆ ಉಗ್ಗುತ್ತಾರೆ. ಅವರಲ್ಲಿ ನಾಲ್ಕಕ್ಕೆ ಮೂರು ಪಾಲು ಮಕ್ಕಳಿಗೆ ತಾನಾಗಿಯೋ ಅಲ್ಪ ಸಹಾಯದಿಂದಲೋ ವಾಸಿಯಾಗುತ್ತದೆ. ದೊಡ್ಡವರಾದ ಮೇಲೂ ಉಳಿಯುವುದು ನೂರಕ್ಕೆ ಒಬ್ಬರಲ್ಲಿ. ಅದರಲ್ಲಿ ಗಂಡಸರೇ ಜಾಸ್ತಿ.

ಎರಡು ವರ್ಷದ ಮಗು "ಅಜ್ಜಿ ಬಾ" ಎಂದು ಎರಡು ಶಬ್ದದಲ್ಲಿ ಮುಗಿಸುತ್ತದೆ. ಮೂರೂವರೆಗೆ ಅದೇ ಮಗು "ಅಜ್ಜಿ ಬಂದಮೇಲೆ ನಾವು ಮಧೂರಿಗೆ ಹೋಗ್ಬೇಕು ಅಂತ ಅಪ್ಪ ಹೇಳಿದ್ರಲ್ಲ" ಎನ್ನಬೇಕು. ತಲೆಯಲ್ಲಿ ಮಾತು ಓಡುತ್ತದೆ, ನಾಲಗೆ, ತುಟಿ, ಉಸಿರು ಹಿಂದೆ ಬೀಳುತ್ತವೆ. ಆದ್ದರಿಂದಲೇ ಉಗ್ಗು ಹೆಚ್ಚಾಗಿ ವಾಕ್ಯದ ಮೊದಲಲ್ಲಿ, ಉದ್ದದ ವಾಕ್ಯದಲ್ಲಿ ಬರುವುದು. ಬ್ಯಾಂಕಿನಲ್ಲಿ ಕೆಲಸ ಮಾಡಿದವನಾಗಿ ಹೇಳುವುದಾದರೆ, ಖಾತೆಯಲ್ಲಿ ಇರುವುದಕ್ಕಿಂತ ದೊಡ್ಡ ಚೆಕ್ ಬರೆದಂತೆ. ಸ್ವಲ್ಪ ದಿನದಲ್ಲಿ ಜಮಾ ಬೆಳೆಯುತ್ತದೆ, ಬಹಳ ಮಕ್ಕಳಲ್ಲಿ ಚೆಕ್ ಪಾಸಾಗುತ್ತದೆ. ಕೆಲವರಲ್ಲಿ ಆಗುವುದಿಲ್ಲ, ಏಕೆಂದರೆ ಉಗ್ಗು ಮನೆತನದಲ್ಲಿ ಇಳಿದು ಬರುವಂಥದ್ದು. 2010ರಲ್ಲಿ ವಿಜ್ಞಾನಿಗಳು ಪಾಕಿಸ್ತಾನದ ಕುಟುಂಬಗಳನ್ನು ಪರೀಕ್ಷಿಸಿ, ಉಗ್ಗಿಗೆ ಸಂಬಂಧಪಟ್ಟ ವಂಶವಾಹಿಯೊಂದನ್ನು ಗುರುತಿಸಿದರು. ಸೋದರಮಾವ ಉಗ್ಗುತ್ತಿದ್ದರೆ ಅಳಿಯನ ಮೇಲೆ ಒಂದು ಕಣ್ಣಿರಲಿ.

ಇನ್ನು ಭಾಷೆಯ ಆರೋಪಕ್ಕೆ ಬರುತ್ತೇನೆ. ಇದರ ಬೇರು ಹಳೆಯದು. 1937ರಲ್ಲಿ ಅಮೆರಿಕದ ಈಸ್ಟ್ ಶಿಕಾಗೋ ಎಂಬ ಊರಿನ ಶಾಲಾ ಮಕ್ಕಳ ಲೆಕ್ಕ ಪ್ರಕಟವಾಯಿತು. ಒಂದೇ ಭಾಷೆಯವರಲ್ಲಿ ನೂರಕ್ಕೆ 1.8, ಎರಡು ಭಾಷೆಯವರಲ್ಲಿ 2.8 ಮಂದಿ ಉಗ್ಗುವವರೆಂದು ಅದು ಹೇಳಿತು. ಆದರೆ ವಲಸೆ ಬಂದ ಮನೆಯ ಮಗು ಇಂಗ್ಲಿಷಿಗೆ ತಡಕಾಡಿದ್ದನ್ನೂ ಉಗ್ಗೆಂದೇ ಬರೆದುಕೊಳ್ಳುವ ಸಂಭವ ಇದೆಯಲ್ಲ! ಎರಡು ಭಾಷೆಯ ಮಕ್ಕಳು ಶಬ್ದ ಹುಡುಕುವಾಗ "ನಾನು, ನಾನು, ಅದು..." ಎಂದು ಇಡೀ ಶಬ್ದವನ್ನೇ ಮತ್ತೆ ಹೇಳುವುದು ಜಾಸ್ತಿ ಎಂದು ಈಚಿನ ಪರೀಕ್ಷೆಗಳಲ್ಲಿ ಕಂಡಿದೆ. ಅದು ಉಗ್ಗಲ್ಲ. ಶಬ್ದದ ಮೊದಲ ತುಣುಕು ಒಡೆದು "ಪ-ಪ-ಪ" ಆಗುವುದು, "ಸ್ಸ್ಸ್" ಎಂದು ಎಳೆಯುವುದು, ಬಾಯಿ ತೆರೆದಿದ್ದರೂ ಸ್ವರ ಹೊರಡದಿರುವುದು, ಜೊತೆಗೆ ಕಣ್ಣು ಮುಚ್ಚುವುದು, ಕತ್ತು ಬಿಗಿಯುವುದು ಉಗ್ಗಿನ ಲಕ್ಷಣ. ಇದು ಸಾಮಾನ್ಯವಾಗಿ ಮಗು ಆಡುವ ಎಲ್ಲ ಭಾಷೆಗಳಲ್ಲೂ ಕಾಣುತ್ತದೆ, ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಮ್ಮಿ. ಹೊಸದಾಗಿ ಕಲಿಯುವ ಭಾಷೆಯಲ್ಲಿ ಮಾತ್ರ ತಡವರಿಸಿದರೆ ಹೆಚ್ಚಿನ ಸಲ ಅದು ಕಲಿಯುವವನ ತಡಕಾಟವಷ್ಟೆ.

ಎರಡು ಭಾಷೆ ಉಗ್ಗನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಮನೆಮಾತನ್ನು ಕಿತ್ತುಕೊಂಡರೆ ಆಗುವುದೇನು? ಮಗು ಸಲೀಸಾಗಿ ಆಡುವ ಭಾಷೆಯೇ ಹೋಯಿತು. ಅಜ್ಜಿಯ ತೊಡೆಯೂ ಅರ್ಧ ಹೋಯಿತು.

ಮನಸ್ಸಿನ ವಿಷಯ ಸ್ವಲ್ಪ ಸೂಕ್ಷ್ಮ. ಹೆದರಿಕೆಯಿಂದ, ಅಪ್ಪನ ಬೈಗುಳದಿಂದ ಉಗ್ಗು ಹುಟ್ಟುವುದಿಲ್ಲ. ಅವಸರ, ಸಿಟ್ಟು, ಕೊನೆಗೆ ಜಾತ್ರೆಗೆ ಹೊರಟ ಖುಷಿ ಕೂಡ, ಇದ್ದ ಉಗ್ಗನ್ನು ಏರಿಸಬಲ್ಲದು. ಭಜನೆಯಲ್ಲಿ ಎಲ್ಲರೊಡನೆ ಹಾಡುವಾಗ, ಕರುವಿನೊಡನೆ ಮಾತಾಡುವಾಗ ಅದೇ ಮಗು ಉಗ್ಗದಿರಬಹುದು. ಅದನ್ನು ನೋಡಿ "ಬೇಕೆಂದೇ ಮಾಡುತ್ತಾನೆ" ಎನ್ನಬೇಡಿ.

ಎಚ್ಚರಿಕೆಯ ಒಂದು ಕತೆಯನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಸ್ವತಃ ಉಗ್ಗುತ್ತಿದ್ದ ವಿದ್ವಾಂಸರು. ಉಗ್ಗು ಹುಟ್ಟುವುದು ಮಗುವಿನ ಬಾಯಲ್ಲಲ್ಲ, ಹೆತ್ತವರ ಕಿವಿಯಲ್ಲಿ ಎಂಬುದು ಅವರ ವಾದ. 1939ರಲ್ಲಿ ಅವರ ಶಿಷ್ಯೆ ಮೇರಿ ಟ್ಯೂಡರ್ ಡಾವೆನ್‌ಪೋರ್ಟಿನ ಅನಾಥಾಲಯದ 22 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದರು. ಸರಿಯಾಗಿ ಮಾತಾಡುತ್ತಿದ್ದ ಆರು ಮಕ್ಕಳಿಗೆ "ನೀವು ಉಗ್ಗಲು ತೊಡಗಿದ್ದೀರಿ, ಎಚ್ಚರಿಕೆ" ಎಂದು ತಿಂಗಳುಗಟ್ಟಲೆ ಹೇಳಲಾಯಿತು. ಮಕ್ಕಳು ಉಗ್ಗುವವರಾಗಲಿಲ್ಲ, ಮಾತನ್ನೇ ಕಡಿಮೆ ಮಾಡಿದರು, ನಾಚಿದರು, ಬಾಯಿಗೆ ಕೈ ಅಡ್ಡ ಹಿಡಿದರು. ಸಂಗತಿ 2001ರಲ್ಲಿ ಪತ್ರಿಕೆಯಲ್ಲಿ ಬಂದಾಗ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ಸರಕಾರ 9,25,000 ಡಾಲರ್ ಪರಿಹಾರ ಒಪ್ಪಿತು. ಜಾನ್ಸನ್ ಅವರ ವಾದವನ್ನು ಈಗ ಯಾರೂ ಪೂರ್ತಿ ನಂಬುವುದಿಲ್ಲ. ಆದರೆ ತಿದ್ದುವ ಮಾತು ಮಗುವಿನ ಬಾಯನ್ನೇ ಕಟ್ಟಬಲ್ಲದು ಎಂಬುದು ಅಲ್ಲಿ ಕಂಡಿತು.

ಉಗ್ಗುವವರಿಗೆ ಬಹಳ ಕಷ್ಟದ ಶಬ್ದ ತಮ್ಮದೇ ಹೆಸರು, ಯಾಕೆಂದರೆ ಅದಕ್ಕೆ ಬದಲಿ ಶಬ್ದ ಹಾಕಲಿಕ್ಕೆ ಬರುವುದಿಲ್ಲ. ಕೌಂಟರಿನಲ್ಲಿ "ಹೆಸರು?" ಎಂದು ಕೇಳಿದರೆ ಏನೂ ಹೇಳದೆ ಪಾಸ್‌ಬುಕ್ ತಳ್ಳುವ ಗಿರಾಕಿಗಳನ್ನು ನಾನು ಎಷ್ಟೋ ಮಂದಿ ಕಂಡಿದ್ದೇನೆ. ಹಿಂದಿನ ಸಾಲಿನವರು "ಬೇಗ ಹೇಳಿ" ಎಂದರೆ ಮುಗಿಯಿತು, ಅವರ ಕೆಲಸ ಆ ದಿನ ಕೆಟ್ಟಿತು.

ಹಾಗಾದರೆ ನೀವು ಮನೆಯಲ್ಲಿ ಏನು ಮಾಡಬಹುದು? "ನಿಧಾನ ಹೇಳು", "ಉಸಿರು ಬಿಡು", "ಮತ್ತೊಮ್ಮೆ ಸರಿಯಾಗಿ ಹೇಳು" ಎನ್ನಬೇಡಿ. ಅದರ ಬದಲು ನಿಮ್ಮ ಮಾತನ್ನೇ ನಿಧಾನ ಮಾಡಿ. ಮಗು ಮುಗಿಸುವ ತನಕ ಮುಖ ನೋಡಿ, ಅದರ ವಾಕ್ಯವನ್ನು ನೀವು ಪೂರೈಸಬೇಡಿ. ನೆಂಟರೆದುರು ಪದ್ಯ ಹೇಳಿಸುವ ಪರೀಕ್ಷೆ ಬೇಡ. ಒಂದು ವಾಕ್ಯದಲ್ಲಿ ಮೂರು ಭಾಷೆ ಬೆರೆತರೂ ಉತ್ತರ ಕೊಡಿ, ವ್ಯಾಕರಣ ಮತ್ತೆ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ಅಣ್ಣ ತಂಗಿಯರ ಪೈಪೋಟಿಯಿಲ್ಲದೆ ಆ ಮಗುವೊಂದೇ ನಿಮ್ಮ ಹತ್ತಿರ ಕೂರಲಿ. 'ಉಗ್ಗ' ಎಂಬ ಅಡ್ಡಹೆಸರನ್ನು ದಾಯಾದಿ ಮಕ್ಕಳ ಬಾಯಿಂದ ಮೊದಲ ದಿನವೇ ಬಿಡಿಸಿ. ಬಜೆ ತೇಯ್ದು ನಾಲಗೆಗೆ ಹಚ್ಚುವುದು, ನಾಲಗೆಯ ಕೆಳಗಿನ ನರ ಕತ್ತರಿಸುವುದು, ಬಾಯಲ್ಲಿ ಕಲ್ಲಿಡುವುದು ಇವುಗಳಿಂದ ಉಗ್ಗು ಹೋಗುವುದಿಲ್ಲ.

ಆರು ತಿಂಗಳು ದಾಟಿದರೆ, ಮನೆತನದಲ್ಲಿ ಉಗ್ಗಿದ್ದರೆ, ಅಥವಾ ಮಗು ಮಾತಿಗೆ ಹೆದರಲು ತೊಡಗಿದರೆ ಕಾಯಬೇಡಿ. ಶಾಲೆಗೆ ಸೇರುವ ಮೊದಲೇ ತೋರಿಸಿದರೆ ಫಲ ಹೆಚ್ಚು. 2015ರಲ್ಲಿ ಹಾಲೆಂಡಿನಲ್ಲಿ 199 ಪುಟ್ಟ ಮಕ್ಕಳಿಗೆ ಎರಡು ಬೇರೆ ಬೇರೆ ಕ್ರಮದ ತರಬೇತಿ ಕೊಟ್ಟು ನೋಡಿದ ಫಲ ಪ್ರಕಟವಾಯಿತು. ಒಂದೂವರೆ ವರ್ಷದಲ್ಲಿ ಎರಡು ಗುಂಪಿನಲ್ಲೂ ನೂರಕ್ಕೆ ಎಪ್ಪತ್ತಕ್ಕೆ ಮಿಕ್ಕಿ ಮಕ್ಕಳು ಉಗ್ಗು ಬಿಟ್ಟಿದ್ದರು. ಎರಡರಲ್ಲೂ ಮನೆಯವರ ಪಾಲು ದೊಡ್ಡದು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಷ್ಟು ದೂರ ಆಗದವರಿಗೆ ಮಂಗಳೂರಿನ ವೈದ್ಯಕೀಯ ಕಾಲೇಜುಗಳಲ್ಲೂ ಈ ವಿಭಾಗ ಉಂಟು. ಹೋಗುವ ಮೊದಲು ಮಗು ಮನೆಯಲ್ಲಿ ಆಡುವ ಮಾತನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ, ತುಳುವಿನಲ್ಲಿ ಸ್ವಲ್ಪ, ಕನ್ನಡದಲ್ಲಿ ಸ್ವಲ್ಪ, ಮಲಯಾಳದಲ್ಲಿ ಸ್ವಲ್ಪ. ಡಾಕ್ಟರರ ಕೋಣೆಯಲ್ಲಿ ಕೂತ ಆ ಅರ್ಧ ಗಂಟೆ ಮಗು ಒಮ್ಮೆಯೂ ಉಗ್ಗದೆ ಮಾತಾಡಿ ಬಿಡುವುದುಂಟು.