ನಿಸ್ತಂತು ವಾರ್ತೆಗೆ ಎಷ್ಟು ಸ್ಥಳ ಬೇಕು?

1912ನೆಯ ಇಸವಿ ಏಪ್ರಿಲ್ 14ರ ರಾತ್ರಿ, ಅಟ್ಲಾಂಟಿಕ್ ಸಾಗರದಲ್ಲಿ ಹಿಮರಾಶಿಯ ನಡುವೆ ನಿಂತಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗು, ಆ ಕಡೆಗೇ ಬರುತ್ತಿದ್ದ ಟೈಟಾನಿಕ್ ಹಡಗಿಗೆ ನಿಸ್ತಂತು ಯಂತ್ರದ ಮೂಲಕ ಎಚ್ಚರಿಕೆ ಕೊಟ್ಟಿತು. ಟೈಟಾನಿಕ್ಕಿನ ನಿಸ್ತಂತುಗಾರನಾದರೋ ಆಗ ಬಹು ದೂರದ ಕೇಪ್ ರೇಸ್ ಎಂಬ ಕರಾವಳಿ ನಿಲಯಕ್ಕೆ ಪ್ರಯಾಣಿಕರ ಸಂದೇಶಗಳನ್ನು ಕಳುಹಿಸುವುದರಲ್ಲಿ ಮಗ್ನನಾಗಿದ್ದನು. ಹತ್ತಿರದ ಹಡಗಿನ ಪ್ರಬಲ ಸಂಕೇತ ಅವನ ಕಿವಿಗೆ ಅಪ್ಪಳಿಸಿ, ದೂರದ ನಿಲಯದ ಕ್ಷೀಣ ಸಂಕೇತವನ್ನು ಮುಚ್ಚಿಬಿಟ್ಟಿತು. ಸುಮ್ಮನಿರುವಂತೆ ಅವನು ಗದರಿಸಿದನು. ದಿನವಿಡೀ ದುಡಿದಿದ್ದ ಕ್ಯಾಲಿಫೋರ್ನಿಯನ್ ಹಡಗಿನ ನಿಸ್ತಂತುಗಾರನು ಸುಮಾರು 11-30 ಗಂಟೆಗೆ ಯಂತ್ರವನ್ನು ನಿಲ್ಲಿಸಿ ಮಲಗಿದನು. 11-40ಕ್ಕೆ ಟೈಟಾನಿಕ್ ನೀರ್ಗಲ್ಲಿನ ಬೆಟ್ಟಕ್ಕೆ ತಾಗಿತು. ಅದರ ಮೊರೆಗೆ ಕಿವಿಗೊಡುವವರು ಆ ಹತ್ತಿರದ ಹಡಗಿನಲ್ಲಿ ಯಾರೂ ಇರಲಿಲ್ಲ. ಸುಮಾರು 1500 ಮಂದಿ ಪ್ರಾಣ ಕಳೆದುಕೊಂಡರು.

ಈ ದುರಂತಕ್ಕೆ ಕಾರಣಗಳು ಹಲವು ಉಂಟು. ನಾವು ಇಲ್ಲಿ ಒಂದನ್ನು ಮಾತ್ರ ವಿಚಾರಿಸೋಣ. ಒಂದು ಹಡಗಿನ ಮಾತು ಇನ್ನೊಂದರ ಮಾತನ್ನು ಏಕೆ ಮುಚ್ಚಿತು?

ಅಂದಿನ ಹಡಗುಗಳೆಲ್ಲ ಗೊತ್ತಾದ ಒಂದೆರಡು ಅಲೆಯುದ್ದಗಳಲ್ಲಿಯೇ ಮಾತನಾಡುತ್ತಿದ್ದವು. ಮೇಲಾಗಿ, ಅವುಗಳ ಪ್ರೇಷಕಯಂತ್ರಗಳು ವಿದ್ಯುತ್ ಕಿಡಿಯಿಂದ ಅಲೆಗಳನ್ನು ಹುಟ್ಟಿಸುತ್ತಿದ್ದವು. ಕೊಳಲಿನ ಸ್ವರ ಬೇರೆ, ತಗಡಿನ ಮೇಲೆ ಕಲ್ಲು ಬಿದ್ದ ಸದ್ದು ಬೇರೆ. ಕಿಡಿಯಿಂದ ಹುಟ್ಟುವುದು ಈ ಎರಡನೆಯ ಬಗೆಯದು. ಅದು ಒಂದೇ ಆವೃತ್ತಿಯಲ್ಲಿ ನಿಲ್ಲದೆ ಅಕ್ಕಪಕ್ಕದ ಅನೇಕ ಆವೃತ್ತಿಗಳಿಗೂ ಹರಡಿಕೊಳ್ಳುತ್ತದೆ.

ಹಾಗಾದರೆ ಪ್ರತಿಯೊಬ್ಬರಿಗೂ ಒಂದೊಂದು ಶುದ್ಧ ಆವೃತ್ತಿಯನ್ನು ಹಂಚಿಕೊಟ್ಟರೆ ತೊಡಕು ಬಗೆಹರಿಯದೆ ಎಂದು ವಾಚಕರು ಕೇಳಬಹುದು. ಪೂರ್ಣವಾಗಿ ಬಗೆಹರಿಯದು. ಏಕೆಂದರೆ, ಏರುಪೇರಿಲ್ಲದೆ ಒಂದೇ ಸಮನಾಗಿ ಸಾಗುವ ಅಲೆ ಯಾವ ವಾರ್ತೆಯನ್ನೂ ಹೊರಲಾರದು. ವಾರ್ತೆಯನ್ನು ಹೊರಬೇಕಾದರೆ ಅಲೆ ಬದಲಾಗಬೇಕು. ಬದಲಾದೊಡನೆ ಅದು ಒಂದೇ ಆವೃತ್ತಿಯದಾಗಿ ಉಳಿಯುವುದಿಲ್ಲ. ಸೆಕೆಂಡಿಗೆ 4 ಸಾವಿರ ಸಾರಿ ಕಂಪಿಸುವ ಒಂದು ಸ್ವರವನ್ನು 1000 ಕಿಲೋಹರ್ಟ್ಸ್ ಆವೃತ್ತಿಯ ಅಲೆಯ ಮೇಲೆ ಏರಿಸಿದೆವೆಂದು ಭಾವಿಸೋಣ. ಸ್ವರಕ್ಕೆ ತಕ್ಕಂತೆ ಅಲೆಯ ಎತ್ತರ ಹಿಗ್ಗಿ ಕುಗ್ಗುತ್ತದೆ. ಆಗ ಮೂಲ ಅಲೆಯ ಇಕ್ಕೆಲಗಳಲ್ಲಿ 996 ಮತ್ತು 1004 ಕಿಲೋಹರ್ಟ್ಸಿನ ಎರಡು ಹೊಸ ಅಲೆಗಳು ಕಾಣಿಸಿಕೊಳ್ಳುತ್ತವೆ. ತ್ರಿಕೋಣಮಿತಿ ಬಲ್ಲ ವಿದ್ಯಾರ್ಥಿಗಳು ಎರಡು ಕೊಸೈನುಗಳ ಗುಣಲಬ್ಧವನ್ನು ಬಿಡಿಸಿ ಇದನ್ನು ತಾವೇ ಕಂಡುಕೊಳ್ಳಬಹುದು. ಅಂತೂ ವಾರ್ತೆಗೆ 8 ಕಿಲೋಹರ್ಟ್ಸಿನಷ್ಟು ಸ್ಥಳ ಬೇಕಾಯಿತು. ಇದಕ್ಕೇ ಪಟ್ಟೆಯ ಅಗಲ, ಅಥವಾ ಬ್ಯಾಂಡ್‌ವಿಡ್ತ್, ಎಂದು ಹೆಸರು.

ಏಷ್ಯ, ಆಫ್ರಿಕ ಮತ್ತು ಯೂರೋಪು ಖಂಡಗಳಲ್ಲಿ ಮಧ್ಯಮ ತರಂಗದ ಬಾನುಲಿ ನಿಲಯಗಳಿಗೆ 531ರಿಂದ 1602 ಕಿಲೋಹರ್ಟ್ಸಿನವರೆಗೆ, 9 ಕಿಲೋಹರ್ಟ್ಸಿಗೆ ಒಂದರಂತೆ ಸ್ಥಾನಗಳನ್ನು ಗೊತ್ತುಮಾಡಿದ್ದಾರೆ. ಎಣಿಸಿದರೆ ದೊರೆಯುವುದು 120 ಸ್ಥಾನಗಳು ಮಾತ್ರ! ಚಲಿಸುವ ಚಿತ್ರಕ್ಕೆ ಇನ್ನೂ ಹೆಚ್ಚು ಸ್ಥಳ ಬೇಕು. ಭಾರತದ ಹಳೆಯ ದೂರದರ್ಶನ ಪದ್ಧತಿಯಲ್ಲಿ ಒಂದೇ ಒಂದು ವಾಹಿನಿಗೆ 7 ಮೆಗಾಹರ್ಟ್ಸ್ ಅಗಲ ಮೀಸಲಾಗಿತ್ತು. ಇದು ಆ 120 ಸ್ಥಾನಗಳ ಒಟ್ಟು ಅಗಲದ ಆರು ಪಟ್ಟಿಗಿಂತಲೂ ಹೆಚ್ಚು. ಮೇಲುಮೇಲಿನ ಆವೃತ್ತಿಗಳಲ್ಲಿ ಸ್ಥಳ ವಿಶಾಲವಾಗಿದೆ, ನಿಜ. ಆದರೆ ಆವೃತ್ತಿ ಏರಿದಂತೆಲ್ಲ ಗೋಡೆ, ಮರ, ಮಳೆಗಳ ಅಡ್ಡಿಯೂ ಹೆಚ್ಚುತ್ತದೆ.

ಇದ್ದ ಸ್ಥಳದಲ್ಲಿಯೇ ಹೆಚ್ಚು ವಾರ್ತೆಯನ್ನು ತುಂಬಲಾಗದೆ? ಅಮೆರಿಕದ ಕ್ಲಾಡ್ ಶಾನನ್ 1948ರಲ್ಲಿ ಇದರ ಮೇರೆಯನ್ನು ತೋರಿಸಿಕೊಟ್ಟರು. ‘ಹೌದು’ ಅಥವಾ ‘ಅಲ್ಲ’ ಎಂಬ ಒಂದು ಉತ್ತರದಷ್ಟು ವಾರ್ತೆಗೆ ಒಂದು ಬಿಟ್ ಎನ್ನುತ್ತಾರೆ. ಸಂಕೇತದ ಸಾಮರ್ಥ್ಯ ಗದ್ದಲದ ಸಾಮರ್ಥ್ಯದ ಎಷ್ಟು ಪಟ್ಟು ಎಂಬುದನ್ನು ತಿಳಿದು, ಅದಕ್ಕೆ 1 ಕೂಡಿಸಿ, 2ರ ಆಧಾರದ ಲಾಗರಿತಮ್ ತೆಗೆದು, ಪಟ್ಟೆಯ ಅಗಲದಿಂದ ಗುಣಿಸಬೇಕು. ಒಂದು ಸೆಕೆಂಡಿನಲ್ಲಿ ತಪ್ಪಿಲ್ಲದೆ ಕಳುಹಿಸಬಹುದಾದ ಬಿಟ್‌ಗಳ ಪರಮಾವಧಿ ಸಂಖ್ಯೆ ಅದೇ.

ಅಗಲ 1 ಮೆಗಾಹರ್ಟ್ಸ್ ಇದ್ದು, ಸಂಕೇತವು ಗದ್ದಲದ 1000 ಪಟ್ಟು ಇದ್ದರೆ ಸೆಕೆಂಡಿಗೆ ಸುಮಾರು 1 ಕೋಟಿ ಬಿಟ್ ಕಳುಹಿಸಬಹುದು. ನಮಗೆ 2 ಕೋಟಿ ಬೇಕಾಗಿದೆ ಎನ್ನೋಣ. ಅಗಲವನ್ನು ಇಮ್ಮಡಿಸಿದರೆ ಒಳಬರುವ ಗದ್ದಲವೂ ಇಮ್ಮಡಿಯಾಗುವುದರಿಂದ, ಸಂಕೇತದ ಸಾಮರ್ಥ್ಯವನ್ನೂ ಇಮ್ಮಡಿಸಿದರೆ ಸಾಕು. ಅಗಲವನ್ನು ಹಾಗೆಯೇ ಬಿಟ್ಟರೆ, ಸಾಮರ್ಥ್ಯವನ್ನು ಸುಮಾರು 1000 ಪಟ್ಟು ಹೆಚ್ಚಿಸಬೇಕು! ಸ್ಥಳದ ಕೊರತೆಯನ್ನು ಬಲದಿಂದ ತುಂಬಿಕೊಳ್ಳುವುದು ಇಷ್ಟು ದುಬಾರಿ. ಅಲ್ಲದೆ, ಸಂತೆಯಲ್ಲಿ ಒಬ್ಬನು ದನಿಯೇರಿಸಿದಷ್ಟೂ ಪಕ್ಕದವನಿಗೆ ಅದು ಗದ್ದಲವೇ ಆಗುತ್ತದೆ.

ಇದಕ್ಕೆ ಪರಿಹಾರವಾಗಿ, ಶಾನನ್ ಕೆಲಸಮಾಡುತ್ತಿದ್ದ ಬೆಲ್ ಪ್ರಯೋಗಶಾಲೆಯಲ್ಲಿಯೇ 1947ರಲ್ಲಿ ಒಂದು ಉಪಾಯ ಹೊಳೆಯಿತು. ದನಿಯೇರಿಸುವ ಬದಲು ತಗ್ಗಿಸುವುದೇ ಆ ಉಪಾಯ. ಊರನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಅಲ್ಪ ಸಾಮರ್ಥ್ಯದ ಪ್ರೇಷಕವನ್ನು ಇಡುವುದು. ಅದರ ಅಲೆ ದೂರ ಹೋಗದ ಕಾರಣ, ಕೆಲವು ಕೋಶಗಳಾಚೆ ಅದೇ ಆವೃತ್ತಿಯನ್ನು ಮತ್ತೆ ಬಳಸುವುದು. ಕೋಶದ ತ್ರಿಜ್ಯವನ್ನು ಅರ್ಧಕ್ಕಿಳಿಸಿದರೆ ಅದೇ ಊರಿನಲ್ಲಿ ನಾಲ್ಕರಷ್ಟು ಕೋಶಗಳಾಗುತ್ತವೆ. ಅದೇ ಪಟ್ಟೆಯಲ್ಲಿ ನಾಲ್ಕರಷ್ಟು ಜನ ಮಾತನಾಡಬಹುದು. ಕೋಶಕ್ಕೆ ಇಂಗ್ಲಿಷಿನಲ್ಲಿ ಸೆಲ್ ಎನ್ನುವುದರಿಂದ ಸೆಲ್ ಫೋನಿಗೆ ಆ ಹೆಸರು ಬಂದಿದೆ.

ಟೈಟಾನಿಕ್ ಮುಳುಗಿದ ವರ್ಷವೇ ಅಮೆರಿಕ ನಿಸ್ತಂತು ಪ್ರೇಷಣೆಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. 1995ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಈ ಅಲೆಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತಿತು. ಕೆರೆಯ ನೀರಿನಂತೆ ಈ ಸ್ವತ್ತು ಬಳಸಿದರೆ ತೀರಿಹೋಗುವುದಿಲ್ಲ. ಆದರೆ ಎಲ್ಲರೂ ಒಂದೇ ಕಡೆ ನುಗ್ಗಿದರೆ ಯಾರಿಗೂ ದಕ್ಕುವುದಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ನೆಲದ ಮೇಲಿನ ಬಾಳಿಗೆ ಎಷ್ಟು ಸಲ್ಲುತ್ತದೆಯೋ ಬಾನಿನ ಅಲೆಗಳಿಗೂ ಅಷ್ಟೇ ಸಲ್ಲುತ್ತದೆ.